ಗುಡಿಯ ಹಿಂದಿನ ಓಟ

ಕುಳಿತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಚಟ. ಕುರ್ಚಿಯ ಮೇಲಾದರೆ ಬಲಗಾಲು, ಮಂಚದ ಮೇಲಾದರೆ ಎರಡೂ ಕಾಲು. ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರ ಸಾರು ತುಳುಕಿದ್ದೂ ಉಂಟು. ಹೋದ ತಿಂಗಳು ಮೊಣಕಾಲು ನೋವೆಂದು ಸರಸ್ವತಿ ನಗರದ ಡಾಕ್ಟರ ಹತ್ತಿರ ಹೋಗಿದ್ದೆ. ಚಿಕ್ಕ ವಯಸ್ಸಿನವರು, ಇನ್ನೂ ಮೀಸೆ ಕೂಡ ಸರಿಯಾಗಿ ದಟ್ಟವಾಗಿಲ್ಲ. ನನ್ನ ಮೊಣಕಾಲಿನ ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವರು ಮೇಜು ನಡುಗುವುದನ್ನು ಕಂಡು ಕೆಳಗೆ ಬಗ್ಗಿ ನೋಡಿದರು.

"ಅಜ್ಜಿ, ಹಿಂಗೆ ಕಾಲು ಅಲ್ಲಾಡ್ಸೋದು ಎಷ್ಟು ದಿನದಿಂದ ಐತ್ರಿ?"

"ಒಂದು ಅರವತ್ತು ವರ್ಷ ಆತು ನೋಡ್ರಿ."

ಅವರು ಎಕ್ಸರೇಯನ್ನು ಮೇಜಿನ ಮೇಲಿಟ್ಟರು. "ಯಾಕ ಶುರುವಾತು, ನೆನಪೈತಾ?"

"ಐತ್ರಿ. ಆದ್ರೆ ಹೊರಗೆ ಇನ್ನೂ ಅಷ್ಟು ಮಂದಿ ಕುಂತಾರೆ. ಹೇಳಾಕೆ ಪುರುಸೊತ್ತು ಬೇಕು."

ಅವರು ನಕ್ಕು ಗುಳಿಗೆ ಬರೆದುಕೊಟ್ಟರು. ಅವರಿಗೆ ಹೇಳದೆ ಉಳಿಸಿಕೊಂಡು ಬಂದದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೆ ಚೀಟಿ ಹಿಡಿದು ಸರದಿಗೆ ಕಾಯುತ್ತಿಲ್ಲ.

ಈ ಚಟ ಬಿಡಿಸಲು ನಮ್ಮಜ್ಜಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಅಜ್ಜಿ ಎಂದರೆ ನಮ್ಮಪ್ಪನ ತಾಯಿ. ಮನೆಯಲ್ಲಿ ಅವಳದೇ ದರ್ಬಾರು. ಹೆಣ್ಣುಮಕ್ಕಳು ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಬರುತ್ತದೆ ಎಂದಳು. ಬರಲಿಲ್ಲ. ಕೊನೆಗೆ ನನ್ನ ತೊಡೆಯ ಮೇಲೆ ಮೊರ ಇಟ್ಟು ಅಕ್ಕಿ ಆರಿಸಲು ಕೂರಿಸಿದಳು, ಮೊರದ ಭಾರಕ್ಕಾದರೂ ಕಾಲು ಸುಮ್ಮನಿರಲಿ ಎಂದು. ಕಾಲು ಕುಣಿಯಿತು, ಮೊರ ಕುಣಿಯಿತು, ಅಕ್ಕಿ ಕುಣಿದು ಕಲ್ಲೆಲ್ಲ ಒಂದು ಕಡೆ ಬಂದು ನಿಂತವು. ಅಜ್ಜಿಗೆ ಬೈಯಬೇಕೋ ಹೊಗಳಬೇಕೋ ತಿಳಿಯಲಿಲ್ಲ.

ಈ ಕಾಲು ಹುಟ್ಟಿದ್ದು ಅಲ್ಲಾಡಲಿಕ್ಕೆ ಅಲ್ಲ, ಓಡಲಿಕ್ಕೆ. ದಾವಣಗೆರೆಯ ಹಳೇ ಊರಿನಲ್ಲಿ ನಮ್ಮ ಮನೆ. ಅಪ್ಪನಿಗೆ ಹತ್ತಿ, ಶೇಂಗಾದ ದಲಾಲಿ ಅಂಗಡಿ. ಮನೆಯಲ್ಲಿ ನಾನು ಹಿರಿಯಳು, ನನ್ನ ಹಿಂದೆ ಒಂದೇ ವರ್ಷಕ್ಕೆ ತಮ್ಮ ಮಲ್ಲಿ. ಹೆಸರು ಮಲ್ಲಿಕಾರ್ಜುನ, ಅಷ್ಟು ಉದ್ದ ಕೂಗುವುದರೊಳಗೆ ಅವನು ಬೀದಿಯ ಕೊನೆ ಸೇರಿರುತ್ತಿದ್ದನಾದ್ದರಿಂದ ಮಲ್ಲಿ. ನನ್ನ ಹೆಸರು ಪಾರ್ವತಿ, ಕೂಗುವುದು ಪಾರಿ. ಹನ್ನೆರಡು ವರ್ಷದವರೆಗೆ ನಮ್ಮ ಓಣಿಯ ಚಿನ್ನಿದಾಂಡಿಗೆ ನಾನೇ ನಾಯಕಿ. ಲಂಗವನ್ನು ಎರಡು ಕಾಲ ನಡುವೆ ಎಳೆದು ಹಿಂದೆ ಸಿಕ್ಕಿಸಿಕೊಂಡು ನಿಂತರೆ ಚಿನ್ನಿ ಬಸವಣ್ಣನ ಗುಡಿಯ ಆಚೆ ಬೀಳಬೇಕು. ಅದನ್ನು ಹೆಕ್ಕಿ ತರುವುದು ಮಲ್ಲಿಯ ಕೆಲಸ. ಅವನು ಅಳುತ್ತಾ ಹೋಗಿ ತರುತ್ತಿದ್ದ.

ಹದಿಮೂರಕ್ಕೆ ದೊಡ್ಡವಳಾದೆ. ಆರತಿ ಎತ್ತಿದರು, ಲಂಗದ ಮೇಲೆ ದಾವಣಿ ಬಂತು. ದಾವಣಿ ಬಂದ ದಿನ ದಾಂಡು ಅಟ್ಟ ಸೇರಿತು. ಅಲ್ಲಿಯವರೆಗೆ ಹೊರಗೆ ಹೋಗುವುದೆಂದರೆ ಹೊಸ್ತಿಲು ದಾಟುವುದು, ಅಷ್ಟೇ. ಈಗ ಹೊಸ್ತಿಲಲ್ಲಿ ಒಂದು ಪ್ರಶ್ನೆ ಹುಟ್ಟಿಕೊಂಡಿತು: "ಏನು ಕೆಲಸ ಐತೆ ಹೊರಗೆ?" ಕೆಲಸವಿದ್ದರೆ ಅಡ್ಡಿಯಿಲ್ಲ. ಹಿಟ್ಟಿನ ಗಿರಣಿಗೆ ಹೋಗಬಹುದು, ನೀರಿಗೆ ಹೋಗಬಹುದು, ಶಾಲೆಗೆ ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರಬಹುದು. ಕೆಲಸವಿಲ್ಲದೆ ಹೊರಗೆ ಇರುವಂತಿಲ್ಲ. ಅದೇ ಬಾಯಿ, ಅದೇ ಹೊತ್ತಿನಲ್ಲಿ, ಮಲ್ಲಿಗೆ ಹೇಳುತ್ತಿತ್ತು: "ಮನ್ಯಾಗ ಕುಂತು ತಲಿ ತಿನ್ನಬ್ಯಾಡ, ಹೋಗು, ಹೊರಗೆ ಆಡ್ಕ ಹೋಗು!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಸ್ವಲ್ಪ ಉರಿಯುತ್ತದೆ.

ಅವನಿಗೆ ವರ್ಷ ವರ್ಷಕ್ಕೆ ಊರು ದೊಡ್ಡದಾಗುತ್ತಾ ಹೋಯಿತು. ಹನ್ನೆರಡಕ್ಕೆ ಹೈಸ್ಕೂಲಿನ ಮೈದಾನ. ಹದಿಮೂರಕ್ಕೆ ಆವರಗೆರೆಯ ತೋಟದ ಬಾವಿ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತು ಬಂದ. ಹದಿನಾಲ್ಕಕ್ಕೆ ಬಾತಿಯ ಗುಡ್ಡ. ಆಮೇಲೆ ಬಾಡಿಗೆ ಸೈಕಲ್ಲು, ಹರಿಹರ, ಹೊಳೆ. ನನಗೋ, ವರ್ಷಕ್ಕೊಂದು ಬೀದಿ ಕಳೆಯುತ್ತಾ ಬಂತು. ಮೊದಲು ಮೈದಾನ ಹೋಯಿತು, ಆಮೇಲೆ ಓಣಿಯ ಕೊನೆ ಹೋಯಿತು, ಹದಿನೈದಕ್ಕೆ ನಮ್ಮ ಮನೆಯ ಮುಂದಿನ ಕಟ್ಟೆಯೂ ಹೋಯಿತು. ಆಷಾಢದಲ್ಲಿ ಗಾಳಿಪಟ ಹಾರಿಸುತ್ತಿದ್ದವಳು ಮಲ್ಲಿಯ ಗಾಳಿಪಟವನ್ನು ಎತ್ತಿ ಕೊಡುವವಳಾದೆ. ಆಮೇಲೆ ಮಾಳಿಗೆ ಹತ್ತುವುದೂ ಬೇಡವಾಗಿ, ಹರಿದ ಪಟಕ್ಕೆ ಅನ್ನದ ಅಗುಳು ಹಚ್ಚಿ ಅಂಟಿಸಿ ಕೊಡುವವಳಾದೆ.

ಶಾಲೆಯಲ್ಲಾದರೂ ಆಟ ಇತ್ತೇ ಎಂದು ಕೇಳುತ್ತೀರಿ. ಇತ್ತು. ರಬ್ಬರಿನ ಬಳೆಯನ್ನು ಬಲೆಯ ಮೇಲಿಂದ ಎಸೆದು ಹಿಡಿಯುವ ಆಟ. ನಮ್ಮ ಹೆಣ್ಣುಮಕ್ಕಳ ಶಾಲೆಯ ಸುತ್ತ ಎರಡಾಳು ಎತ್ತರದ ಗೋಡೆ. ಬಳೆ ಗೋಡೆ ದಾಟಿದರೆ ಹೋಗಿ ತರುವಂತಿಲ್ಲ, ಜವಾನ ತರಬೇಕು. ಅವನಿಗೆ ಅರವತ್ತರ ಹತ್ತಿರ ವಯಸ್ಸು. ಹೋಗಿ ಬರುವುದರೊಳಗೆ ಆಟದ ಪೀರಿಯಡ್ಡು ಮುಗಿದಿರುತ್ತಿತ್ತು.

ನಮ್ಮ ಮನೆಯಲ್ಲಿ ಬೇಕಾದ ಹಾಗೆ ತಿರುಗುವ ಹೆಂಗಸೆಂದರೆ ಅಜ್ಜಿ ಒಬ್ಬಳೇ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೋಗಿ ಬರುವವರನ್ನೆಲ್ಲ ವಿಚಾರಿಸುವಳು. ಮನಸ್ಸಾದರೆ ಒಬ್ಬಳೇ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಕೈ ಮುಗಿದು ಬರುವಳು. ಯಾರೂ "ಏನು ಕೆಲಸ" ಎಂದು ಕೇಳುತ್ತಿರಲಿಲ್ಲ. ನಾನು ಲೆಕ್ಕ ಹಾಕಿದೆ: ಹೆಂಗಸಿಗೆ ಹೊರಗು ಸಿಗುವುದು ಹನ್ನೆರಡರ ಒಳಗೆ, ಇಲ್ಲವೇ ಅರವತ್ತರ ಆಚೆ. ನನಗಾಗ ಹದಿನೈದು. ಇನ್ನು ನಲವತ್ತೈದು ವರ್ಷ ಕಾಯಬೇಕಿತ್ತು.

ಮಲ್ಲಿ ಹರಿಹರದಿಂದ ಬಂದ ದಿನ ನನ್ನನ್ನು ಹುರಿದು ತಿನ್ನುತ್ತಿದ್ದ. "ಅಕ್ಕ, ಬ್ಯಾಸಿಗ್ಯಾಗ ಹೊಳಿ ದಂಡ್ಯಾಗ ಬರೀ ಉಸುಕು. ಅದರ ಮ್ಯಾಲೆ ಓಡಿದ್ರೆ ಹೆಂಗೈತೆ ಗೊತ್ತಾ? ಕಾಲು ಸುಡ್ತೈತೆ, ನಿಲ್ಲಾಕೇ ಆಗಲ್ಲ. ನೀರು ಸಿಗೋ ತನಕ ಓಡ್ಲೇಬೇಕು." ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದೆ. ಕುಕ್ಕರಗಾಲಲ್ಲಿ ಕೂತವಳ ಹಿಮ್ಮಡಿ ತಾನಾಗಿಯೇ ನೆಲ ಬಡಿಯಲು ಶುರು ಮಾಡಿತು. ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ.

ಆ ವರ್ಷ ಶ್ರಾವಣದ ಹೊತ್ತಿಗೆ ಅವ್ವನಿಗೆ ಚಳಿಜ್ವರ ಬಂತು. ಅಜ್ಜಿ ನಮ್ಮ ಓಣಿಯ ಬಸವಣ್ಣನಿಗೆ ಹರಕೆ ಹೊತ್ತಳು: ಸೊಸೆ ಎದ್ದು ಓಡಾಡುವಂತಾದರೆ ಐದು ಸೋಮವಾರ ದಿನಕ್ಕೆ ನೂರೊಂದು ಸುತ್ತು. ಹೊತ್ತ ಮೇಲೆ ಅವಳಿಗೆ ತನ್ನ ಮೊಣಕಾಲಿನ ನೆನಪಾಯಿತು. ಹರಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಆದರೆ ಮನೆಯವರು ಯಾರಾದರೂ ತೀರಿಸಿದರೆ ನಡೆಯುತ್ತದೆ.

"ಪಾರವ್ವ, ನನ್ನ ಬದ್ಲಿ ನೀನು ಹಾಕು. ತಲಿ ಮ್ಯಾಲೆ ನೀರು ಹಾಕ್ಕೊಂಡು, ವಿಭೂತಿ ಹಚ್ಕೊಂಡು ಹೋಗು. ಸುತ್ತು ಮುಗಿಯ ತನಕ ಯಾರ ಜೊತಿಗೂ ಮಾತಾಡಬ್ಯಾಡ. ನಿನ್ನೂ ಯಾರೂ ತಡಿಯಂಗಿಲ್ಲ."

ಕೊನೆಯ ಮಾತು ನನ್ನ ಕಿವಿಯಲ್ಲಿ ಹಾಗೇ ನಿಂತಿತು. ಹರಕೆಯವಳನ್ನು ಯಾರೂ ತಡೆಯುವಂತಿಲ್ಲ! ಎರಡು ವರ್ಷದಿಂದ ನಾನು ಹುಡುಕುತ್ತಿದ್ದ "ಕೆಲಸ" ಅದು.

ಒಬ್ಬಳೇ ಹೋಗುವಂತಿರಲಿಲ್ಲ, ಆದ್ದರಿಂದ ಜೊತೆಗೆ ಸರೋಜಳನ್ನು ಕಳಿಸಿದರು. ಹಿತ್ತಿಲಿಗೆ ಹಿತ್ತಿಲು ಸೇರಿದ ಮನೆ, ನನ್ನದೇ ತರಗತಿ. ಅವಳಪ್ಪ ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿದ್ದರು. ಸರೋಜ ಮಾತು ಕಡಿಮೆ, ಕಾಲು ಉದ್ದ. ಬೆಳಿಗ್ಗೆ ಏಳರ ಮಿಲ್ಲಿನ ಸೈರನ್ ಕೂಗಿದಾಗ ನಾವು ಗುಡಿಯ ಮುಂದೆ ಇರುತ್ತಿದ್ದೆವು. ಉಡಿಯಲ್ಲಿ ನೂರೊಂದು ಹುಣಿಸೆಬೀಜ. ಒಂದು ಸುತ್ತು ಮುಗಿದರೆ ಒಂದು ಬೀಜ ಗುಡಿಯ ಕಟ್ಟೆಯ ಮೇಲೆ.

ಆ ಗುಡಿಯ ಜಾಗ ಹೇಗಿತ್ತೆಂದು ಹೇಳಬೇಕು. ಮುಂದೆ ಬೀದಿ. ಒಂದು ಪಕ್ಕ ಪೂಜೆಯ ಅಯ್ಯನವರ ಮನೆ, ಇನ್ನೊಂದು ಪಕ್ಕ ಹೆಂಗಸರು ನೀರು ಸೇದುವ ಬಾವಿ. ಹಿಂದೆ ಮಾತ್ರ ಹತ್ತಿ ಗೋದಾಮಿನ ಎತ್ತರದ ಗೋಡೆ. ಗುಡಿಗೂ ಗೋಡೆಗೂ ನಡುವೆ ಒಂದು ಉದ್ದನೆಯ ಹಾದಿ, ಯಾವ ಕಡೆಯಿಂದಲೂ ಯಾರಿಗೂ ಕಾಣದ್ದು. ಗೋದಾಮಿನಿಂದ ಹಾರಿ ಬಂದ ಹತ್ತಿಯ ಎಳೆ ಅಲ್ಲಿ ನೆಲದ ಮೇಲೆ ತೆಳ್ಳಗೆ ಹಾಸಿರುತ್ತಿತ್ತು.

ಮೊದಲ ಸೋಮವಾರ ಮೂವತ್ತು ಸುತ್ತಿನವರೆಗೆ ನಾವು ನಿಜವಾಗಿಯೂ ಭಕ್ತಿಯಿಂದ ಹಾಕಿದೆವು, ಬಸವಣ್ಣನಾಣೆಗೂ. ಆಮೇಲೆ ಒಂದು ಸುತ್ತಿನಲ್ಲಿ ಹಿಂದಿನ ಮೂಲೆ ತಿರುಗಿದ್ದೇ ಸರೋಜ ನನ್ನ ಪಕ್ಕದಿಂದ ಮಾಯ. ನೋಡಿದರೆ ಆ ತುದಿಯ ಮೂಲೆಯಲ್ಲಿ ನಿಂತು ಹುಬ್ಬು ಹಾರಿಸುತ್ತಿದ್ದಾಳೆ. ಮಾತಾಡುವಂತಿಲ್ಲವಲ್ಲ! ಮುಂದಿನ ಸುತ್ತಿಗೆ ನಾನೂ ದಾವಣಿ ಬಿಗಿದೆ. ಅಲ್ಲಿಂದ ಒಂದು ಕ್ರಮ ಏರ್ಪಟ್ಟಿತು. ಮೂರು ಪಕ್ಕ ತಲೆ ತಗ್ಗಿಸಿ, ಕೈ ಮುಗಿದು, ಹೆಜ್ಜೆಗೆ ಹೆಜ್ಜೆ ಸೇರಿಸಿ ನಡಿಗೆ. ಹಿಂದಿನ ಮೂಲೆ ತಿರುಗಿದ ಕ್ಷಣ ಬಿಟ್ಟ ಬಾಣ. ಆಚೆ ಮೂಲೆ ಮುಟ್ಟಿದ ಮೇಲೆ ಸೆರಗು ಸರಿಮಾಡಿಕೊಂಡು ಮತ್ತೆ ಬಸವಣ್ಣನ ಮಕ್ಕಳು. ದಿನಕ್ಕೆ ಎಪ್ಪತ್ತು ಎಂಬತ್ತು ಓಟ. ಬಾಯಿ ಮುಚ್ಚಿಕೊಂಡು ನಗುವ ವಿದ್ಯೆಯನ್ನು ನಾವು ಅಲ್ಲೇ ಕಲಿತೆವು. ಪ್ರತಿ ಸಲವೂ ಸರೋಜಳೇ ಮುಂದೆ. ಆರು ತಿಂಗಳಲ್ಲಿ ಒಮ್ಮೆಯೂ ನಾನು ಅವಳನ್ನು ಹಿಂದೆ ಹಾಕಲಿಲ್ಲ.

ಆರು ತಿಂಗಳು ಎಂದೆ, ಹರಕೆ ಐದೇ ಸೋಮವಾರದ್ದಲ್ಲವೇ ಎಂದು ನೀವು ಹಿಡಿಯುತ್ತೀರಿ. ಮೂರನೆಯ ಸೋಮವಾರಕ್ಕೇ ಅವ್ವ ಎದ್ದು ರೊಟ್ಟಿ ಬಡಿಯತೊಡಗಿದಳು. ಹೆತ್ತ ತಾಯಿ ಹುಷಾರಾದದ್ದಕ್ಕೆ ಪೆಚ್ಚಾದ ಮಗಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಆಮೇಲೆ ನಾನು ಮನೆಯಲ್ಲಿ ಕಾಯಿಲೆ ಹುಡುಕುತ್ತಾ ತಿರುಗಿದೆ. ಅಪ್ಪ ತಲೆ ಒತ್ತಿಕೊಂಡರೆ ಒಂದು ಹರಕೆ. ಎಮ್ಮೆ ಹಾಲು ಕಡಿಮೆ ಕೊಟ್ಟರೆ ಒಂದು ಹರಕೆ. ಮಲ್ಲಿಯ ಗಣಿತಕ್ಕೆ ಹೊತ್ತ ಹರಕೆಗಂತೂ ಕೊನೆಯೇ ಇರಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು, "ನಮ್ಮ ವಂಶದಾಗ ಇಂಥ ಭಕ್ತಿ ಯಾರಿಗೂ ಇರಲಿಲ್ಲ," ಎನ್ನುತ್ತಿದ್ದಳು. ನನಗೆ ಒಳಗೊಳಗೆ ಚುಚ್ಚುತ್ತಿತ್ತು. ಆದರೆ ಸೋಮವಾರ ಬಂದರೆ ಕಾಲು ಚುಚ್ಚುವುದನ್ನು ಮರೆಸುತ್ತಿತ್ತು.

ಭಕ್ತಿಯ ಸುದ್ದಿ ಹಬ್ಬಿದ್ದು ಹೀಗೆ. ಬಾವಿಯ ಹೆಂಗಸರಿಗೆ ಕಾಣುತ್ತಿದ್ದುದು ಏನು? ಗುಡಿಯ ಹಿಂದಿನಿಂದ ಇಬ್ಬರು ಹುಡುಗಿಯರು ಬರುತ್ತಾರೆ. ಮುಖ ಕೆಂಪು, ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿದೆ, ಏದುಸಿರು, ನಗು ತಡೆದು ತಡೆದು ಕಣ್ಣಲ್ಲಿ ನೀರು. ಅಯ್ಯನವರು ಒಂದು ದಿನ ಕಟ್ಟೆಯ ಹತ್ತಿರ ಬಂದು ಅಜ್ಜಿಗೆ ಹೇಳಿಯೇಬಿಟ್ಟರು: "ಅಮ್ಮಾರ, ನಿಮ್ಮ ಮೊಮ್ಮಗಳು ಸುತ್ತು ಹಾಕೋದು ನೋಡಿದ್ರೆ ನನಗೆ ಮೈ ಜುಂ ಅಂತೈತ್ರಿ. ದೇವರು ಮೈ ಮ್ಯಾಲೆ ಬಂದಂಗೆ ಇರ್ತಾಳ." ಅಜ್ಜಿ ಅದನ್ನು ಇಡೀ ಪೇಟೆಗೆ ಹಂಚಿದಳು. ಪೇಟೆಯಿಂದ ಅದು ಹತ್ತಿ ಗಾಡಿ ಹತ್ತಿ ಹರಿಹರಕ್ಕೆ ಹೋಯಿತು.

ಶಿವರಾತ್ರಿ ಕಳೆದ ವಾರ ಮಲ್ಲಿ ಅಡಿಗೆಮನೆಗೆ ಬಂದು ಪಿಸುಗುಟ್ಟಿದ. "ಅಕ್ಕ, ಹರಿಹರದಾಗ ನಿನಗೆ ಗಂಡು ನೋಡ್ಯಾರೆ. ಬಟ್ಟೆ ಅಂಗಡಿಯೋರು. ಹುಡುಗನ ತಾಯಿ ಗೌರಮ್ಮ ಅಂತ, ಭಾಳ ದೈವಭಕ್ತಿ ಅಂತೆ. ನಿನ್ನ ಸುತ್ತಿನ ಸುದ್ದಿ ಕೇಳೇ ಅರ್ಧ ಒಪ್ಯಾರಂತೆ."

"ಹುಡುಗ ಏನು ಮಾಡ್ತಾನೆ?"

"ಅಂಗಡ್ಯಾಗ ಕೂಡ್ರತಾನೆ. ನೀನು ಮನ್ಯಾಗ ಕೂಡ್ರಬೇಕು."

ಆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅದು ಮುಗಿದರೆ ಕಾಲೇಜಿಗೆ ಹಾಕುತ್ತೇನೆಂದು ಅಪ್ಪ ಎಂದೋ ಬಾಯಿ ತಪ್ಪಿ ಅಂದಿದ್ದರು. ಓದಿನ ಮೇಲೆ ನನಗೆ ಅಂಥ ಪ್ರೀತಿ ಇತ್ತೆಂದು ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯಿಂದ ಕಾಲೇಜು ಒಂದು ಮೈಲಿ, ಅದರಲ್ಲಿ ಅರ್ಧ ಬಯಲು. ಹೋಗುವಾಗ ಒಂದು, ಬರುವಾಗ ಒಂದು. ದಿನಕ್ಕೆ ಎರಡು ಮೈಲಿ ನನ್ನದಾಗುತ್ತಿತ್ತು, ಯಾರೂ ಕೆಲಸವೇನೆಂದು ಕೇಳದ ಎರಡು ಮೈಲಿ. ಈಗ ಅದು ನನ್ನ ಭಕ್ತಿಯಿಂದಲೇ ಕೈ ಜಾರುತ್ತಿತ್ತು.

ನಮ್ಮ ಕಡೆ ಮೊದಲ ಸಲ ಹೆಣ್ಣು ನೋಡುವುದು ಗುಡಿಯಲ್ಲಿ. ದೇವರಿಗೆ ಬಂದವರು ದೇವರಿಗೆ ಬಂದವರನ್ನು ಕಂಡಂತೆ ಕಂಡು, ಒಪ್ಪಿಗೆಯಾದರೆ ಮನೆಗೆ ಬರುತ್ತಾರೆ. ಆಗದಿದ್ದರೆ ಎರಡು ಕಡೆಗೂ ಮರ್ಯಾದೆ ಉಳಿಯುತ್ತದೆ. ಭಾನುವಾರ ಬೆಳಿಗ್ಗೆ ಅಜ್ಜಿ, ಅವ್ವ, ನಾನು ಬಸ್ಸು ಹತ್ತಿದೆವು. ನನ್ನ ಜೋಡಿ ಎಂದು ಸರೋಜಳನ್ನೂ ಕರೆದುಕೊಂಡರು. ಮಲ್ಲಿ ಗೆಳೆಯರ ಜೊತೆ ಸೈಕಲ್ಲಿನಲ್ಲಿ ಮೊದಲೇ ಹೋಗಿದ್ದ, ಈಜಲಿಕ್ಕೆ. ಬಸ್ಸಿನ ಕಿಟಕಿಯಲ್ಲಿ ಬಾತಿಯ ಗುಡ್ಡ ಬಂತು, ಹೋಯಿತು. ಅದರ ತುದಿಯಲ್ಲಿ ನಿಂತರೆ ಏನು ಕಾಣುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹರಿಹರದ ದೊಡ್ಡ ಗುಡಿಯ ಅಂಗಳದಲ್ಲಿ ಗೌರಮ್ಮನವರು ನಿಂತಿದ್ದರು. ಒಳ್ಳೆಯ ಹೆಂಗಸು, ದುಂಡು ಮುಖ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಮೆದು ಮಾತು. ನನ್ನ ಗಲ್ಲ ಹಿಡಿದು ನೋಡಿ ಹೇಳಿದರು: "ನಿನ್ನ ಸುದ್ದಿ ಭಾಳ ಕೇಳೀನವ್ವ. ಇಲ್ಲೂ ಒಂದು ಐದು ಸುತ್ತು ಹಾಕು. ಕಣ್ಣು ತುಂಬ ನೋಡ್ತೀನಿ."

ಹಾಕಲು ಶುರು ಮಾಡಿದೆವು. ಮೊದಲ ಸುತ್ತು ಸರಿಯಾಗಿ ನಡೆಯಿತು. ಅದು ಗೊತ್ತಿಲ್ಲದ ಜಾಗ, ಕಾಲಿಗೆ ಅಳತೆ ಸಿಕ್ಕಿರಲಿಲ್ಲ. ಎರಡನೆಯದರಲ್ಲಿ ಹಿಂದಿನ ಪಕ್ಕಕ್ಕೆ ಬಂದಾಗ ಹಿಮ್ಮಡಿ ತುರಿಸಿತು, ತಡೆದುಕೊಂಡೆ. ನೋಡಿ, ನಾನೇನೋ ಧೈರ್ಯ ಮಾಡಿ ಮದುವೆ ಮುರಿದೆನೆಂದು ಆಮೇಲೆ ಬಹಳ ಜನರ ಮುಂದೆ ಜಂಬ ಕೊಚ್ಚಿದ್ದೇನೆ. ಅದು ಸುಳ್ಳು. ಆರು ತಿಂಗಳ ಅಭ್ಯಾಸ! ಗುಡಿಯ ಹಿಂದಿನ ಮೂಲೆ ತಿರುಗಿದರೆ ಓಡಬೇಕೆಂದು ನಮ್ಮಿಬ್ಬರ ಕಾಲಿಗೂ ಪಾಠವಾಗಿಹೋಗಿತ್ತು. ಮೂರನೆಯ ಸುತ್ತಿನಲ್ಲಿ ಮೂಲೆ ತಿರುಗಿದ್ದೇ ತಡ, ಸರೋಜ ಹಾರಿದಳು. ಅವಳು ಹಾರಿದ ಮೇಲೆ ನಾನು ನಿಲ್ಲುವುದುಂಟೇ?

ನಮಗೆ ತಿಳಿಯದೆ ಹೋದದ್ದು ಒಂದೇ. ಗೌರಮ್ಮನವರಿಗೂ ಭಕ್ತಿ ಉಕ್ಕಿ, ಅವರೂ ಸುತ್ತು ಹಾಕಲು ಹೊರಟು, ನಮ್ಮ ಮುಂದೆ ಹಿಂದಿನ ಪಕ್ಕದ ನಡುವಿನಲ್ಲಿ ನಿಧಾನ ಹೋಗುತ್ತಿದ್ದರು. ಸರೋಜ ಅವರ ಎಡಗಡೆಯಿಂದ ದಾಟಿದಳು, ನಾನು ಬಲಗಡೆಯಿಂದ. "ಅಯ್ಯ ಶಿವನೇ!" ಎಂದದ್ದು ಬೆನ್ನ ಹಿಂದೆ ಕೇಳಿಸಿತು.

ಅಲ್ಲಿಗೆ ನಿಲ್ಲಬಹುದಿತ್ತು. ನಿಂತು ಕಾಲಿಗೆ ಬಿದ್ದಿದ್ದರೆ ಅವರು ನಕ್ಕು ಬಿಡುತ್ತಿದ್ದರೋ ಏನೋ. ಆದರೆ ಎದುರಿಗೆ ಹೊಳೆಗೆ ಇಳಿಯುವ ದಾರಿ ಇತ್ತು. ಅದರ ಕೊನೆಯಲ್ಲಿ ಬಿಳಿಯ ಉಸುಕು. ಈ ಭಾಗ ಮಾತ್ರ ಅಭ್ಯಾಸದ್ದಲ್ಲ, ನನ್ನದು. ಸರೋಜ ಮೂಲೆಗೆ ತಿರುಗಿದಳು, ನಾನು ತಿರುಗಲಿಲ್ಲ. "ಪಾರೀ, ನಿಲ್ಲೇ!" ಎಂದು ಕೂಗಿ ಅವಳೂ ನನ್ನ ಹಿಂದೆ ಬಂದಳು. ಉಸುಕಿಗೆ ಬೀಳುವಷ್ಟರಲ್ಲಿ ಮತ್ತೆ ಅವಳೇ ಮುಂದೆ. ಉಸುಕು ನಿಜವಾಗಿಯೂ ಸುಡುತ್ತಿತ್ತು. ಮಲ್ಲಿ ಸುಳ್ಳು ಹೇಳಿರಲಿಲ್ಲ, ನಿಲ್ಲಲು ಆಗಲೇ ಇಲ್ಲ. ಗಾಳಿಗೆ ಬಾಯಿ ತೆರೆದುಕೊಂಡು, ಶಬ್ದ ಮಾಡಿ ನಕ್ಕುಕೊಂಡು ಓಡಿದೆವು. ಆ ಹೊತ್ತಿನ ಸಂತೋಷವನ್ನು ಏನೆಂದು ಹೇಳಲಿ? ಅಷ್ಟು ಸಂತೋಷ ಆಮೇಲೆ ನನ್ನ ಬಾಳಿನಲ್ಲಿ ಎರಡೋ ಮೂರೋ ಸಲ ಬಂದಿರಬಹುದು, ಅಷ್ಟೇ.

ನೀರಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ಎದ್ದು ನಮ್ಮ ಕಡೆ ಓಡಿ ಬಂದರು. ಮುಂದಿದ್ದ ಹಿರಿಯಳು ನನ್ನ ರಟ್ಟೆ ಹಿಡಿದಳು.

"ಏನಾತವ್ವ? ಯಾರಿಗೆ ಏನಾತು? ಯಾರು ಬೆನ್ನು ಹತ್ಯಾರೆ?"

"ಯಾರೂ ಇಲ್ಲ."

"ಮತ್ತ್ಯಾಕ ಓಡ್ತೀರಿ?"

"ಸುಮ್ನೆ," ಎಂದೆ.

"ಸುಮ್ನೆ ಯಾರಾರ ಓಡ್ತಾರೇನವ್ವ?" ಎಂದಳು ಆಕೆ. ಅವಳಿಗೆ ನಿಜಕ್ಕೂ ಗಾಬರಿಯಾಗಿತ್ತು. ಅವಳ ಬೆನ್ನ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಮಲ್ಲಿ ಮತ್ತು ಅವನ ಗೆಳೆಯರು ಚಡ್ಡಿಯಲ್ಲಿ ಉಸುಕಿನ ತುಂಬ ಓಡುತ್ತಿದ್ದರು. ಸುಮ್ಮನೆ. ಅವರನ್ನು ಯಾರೂ ರಟ್ಟೆ ಹಿಡಿದು ಕೇಳಿರಲಿಲ್ಲ. ನನ್ನನ್ನು ಕಂಡು ಮಲ್ಲಿಯೂ ಅದನ್ನೇ ಕೂಗಿದ: "ಏ ಅಕ್ಕ, ಏನಾತೇ? ಅಜ್ಜಿಗೇನಾರ ಆತಾ?"

ತಲೆ ತಗ್ಗಿಸಿ ಗುಡಿಗೆ ಮರಳಿದೆವು. ಗೌರಮ್ಮನವರು ಅಜ್ಜಿಗೆ ಒಂದೇ ಮಾತು ಹೇಳಿದರು: "ಹುಡುಗಿ ಕಾಲು ಭಾಳ ಗಟ್ಟಿ ಅದಾವ್ರಿ."

"ಹೌದ್ರಿ," ಎಂದಳು ಅಜ್ಜಿ. "ನಮ್ಮ ಮನ್ಯಾಗ ಎಲ್ಲರವೂ ಗಟ್ಟಿನೇ. ನನ್ನವು ಬಿಟ್ಟು."

ಮನೆಯ ಕಟ್ಟೆ ಹತ್ತುವಾಗ ಅಜ್ಜಿ ಕೇಳಿದಳು, "ಇಲ್ಲೂ ಹಿಂಗೇ ಓಡಿದ್ರೇನು?" ನಾನು ಬಸವಣ್ಣನ ಗುಡಿಯ ಕಡೆ ನೋಡಿದೆ. ಅಜ್ಜಿಗೆ ಅಷ್ಟು ಸಾಕಾಯಿತು. ಬೈಯಲಿಲ್ಲ, ಹೊಡೆಯಲಿಲ್ಲ. ಸೋಮವಾರದ ಸುತ್ತು ಅಲ್ಲಿಗೆ ನಿಂತಿತು.

ನನಗೆ ನಿಜ ಹೇಳಬೇಕೆಂದರೆ ಲಾಭವೇ ಆಯಿತು. ಸಂಬಂಧ ಹೋಯಿತು, ಪರೀಕ್ಷೆ ಬರೆದೆ. ಓಡುವ ಹುಡುಗಿಯನ್ನು ಸದ್ಯಕ್ಕೆ ಯಾರೂ ಕೇಳುವುದಿಲ್ಲವಾದ್ದರಿಂದ ಅಪ್ಪ ಕಾಲೇಜಿಗೆ ಹೂಂ ಎಂದರು. ಬೆಲೆ ಕೊಟ್ಟವಳು ಸರೋಜ. ಸುದ್ದಿ ಮಿಲ್ಲಿನವರೆಗೂ ಮುಟ್ಟಿತ್ತು. ಅವಳಪ್ಪ ಒಂದು ಸಂಜೆ ತಲೆಯಲ್ಲಿ ಹತ್ತಿಯ ಎಳೆ ಇದ್ದ ಹಾಗೆಯೇ ಬಂದು ನಮ್ಮ ಪಡಸಾಲೆಯ ಕೆಳಗೆ ನಿಂತರು. ಅಪ್ಪ ಕೂತುಕೊಳ್ಳಲು ಹೇಳಿದರೂ ಕೂರಲಿಲ್ಲ.

"ಸಾವ್ಕಾರ್ರ, ನಿಮ್ಮ ಮಗಳು ಓಡಿದ್ರೆ ಹುಡುಗಿ ಚುರುಕು ಅಂತಾರ್ರಿ. ನನ್ನ ಮಗಳು ಓಡಿದ್ರೆ ಬ್ಯಾರೆ ಏನಾರ ಅಂತಾರೆ. ರಾಣೆಬೆನ್ನೂರಾಗ ಒಂದು ಸಂಬಂಧ ಐತ್ರಿ. ಪರೀಕ್ಷೆ ಆಗಿದ್ದೇ ಮುಗಿಸಿಬಿಡ್ತೀನಿ."

ಬಾಗಿಲ ಹಿಂದೆ ನಿಂತು ಕೇಳಿದೆ. ಅಪ್ಪ ಏನೋ ಸಮಾಧಾನ ಹೇಳಿದರು. ನಾನು ಹೊಳೆಯ ದಾರಿಗೆ ಇಳಿಯದೆ ಮೂಲೆಗೆ ತಿರುಗಿದ್ದರೆ ಸರೋಜಳೂ ಇಳಿಯುತ್ತಿರಲಿಲ್ಲ. ಇದನ್ನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದರೂ ತಪ್ಪು ನನ್ನ ಕಡೆಗೇ ಬಂದು ನಿಲ್ಲುತ್ತದೆ.

ವೈಶಾಖದಲ್ಲಿ ಮದುವೆಯಾಯಿತು. ಹೊರಡುವ ಹಿಂದಿನ ದಿನ ಹಿತ್ತಿಲ ಗೋಡೆಯ ಹತ್ತಿರ ಕೇಳಿದೆ, "ನನ್ನ ಮ್ಯಾಲೆ ಸಿಟ್ಟೈತೇನೇ?"

ಅವಳು ಕೈಯ ಹಸಿರು ಬಳೆಗಳನ್ನು ಹಿಂದೆ ಮುಂದೆ ಸರಿಸಿದಳು. "ಉಸುಕಿನ್ಯಾಗೂ ನಾನೇ ಮುಂದಿದ್ದೆ," ಎಂದಳು. ಅಷ್ಟೇ.

ಅವಳು ಹೋದ ಮೊದಲ ಸೋಮವಾರ ಬೆಳಿಗ್ಗೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಉಡಿಯಲ್ಲಿ ಹುಣಿಸೆಬೀಜ ತುಂಬಿಕೊಂಡು ಹೊರಟಳು. ಅವ್ವ ಅಡ್ಡ ಬಂದಳು. "ಎಲ್ಲಿಗ್ರಿ ಅತ್ತಿ, ಈ ಮೊಣಕಾಲಾಗ?"

"ಹುಡುಗಾಟದ ಸುತ್ತು ದೇವರು ಹಿಡಿಯಂಗಿಲ್ಲ. ನಿನ್ನ ಜ್ವರದ ಹರಕಿ ಇನ್ನೂ ಹಂಗೇ ಐತೆ. ನಾನು ಹೊತ್ತಿದ್ದು, ನಾನೇ ತೀರಿಸ್ತೀನಿ," ಎಂದಳು. ಆಮೇಲೆ ನನ್ನ ಕಡೆ ನೋಡದೆ, "ಬಾ, ಕೈ ಹಿಡ್ಕ ಬಾ," ಎಂದಳು.

ಅವಳ ಕೈ ಹಿಡಿದು ಸುತ್ತು ಹಾಕಿದೆ. ಬಲಗಾಲು ಇಡುವುದು, ಎಡಗಾಲನ್ನು ಎಳೆದು ಅದರ ಪಕ್ಕ ತರುವುದು, ಉಸಿರು ಬಿಡುವುದು. ಒಂದು ಸುತ್ತಿಗೆ ನಾವು ಹತ್ತು ಸುತ್ತು ಓಡುತ್ತಿದ್ದಷ್ಟು ಹೊತ್ತು. ಅವಳ ಮೊಣಕಾಲು ಪ್ರತಿ ಹೆಜ್ಜೆಗೂ ಕಟಕಟ ಎನ್ನುತ್ತಿತ್ತು, ಈಗ ನನ್ನದು ಎನ್ನುವ ಹಾಗೆ. ಓಡಬೇಕೆಂದು ಕಾಲು ಜಗ್ಗುವುದು, ನಿಧಾನ ನಡೆಯಬೇಕೆಂದು ಅಜ್ಜಿಯ ಕೈ ಹಿಡಿದಿರುವುದು. ನನಗೆ ಅಳು ಬಂತು. ಈ ಸಲ ಬಾವಿಯ ಹೆಂಗಸರು ನನ್ನ ಕಣ್ಣೀರನ್ನು ಭಕ್ತಿಯೆಂದುಕೊಳ್ಳಲಿಲ್ಲ.

ಆರನೆಯದೋ ಏಳನೆಯದೋ ಸುತ್ತಿನಲ್ಲಿ ಗುಡಿಯ ಹಿಂದಿನ ಮೂಲೆ ತಿರುಗಿದಾಗ ಅಜ್ಜಿ ನಿಂತಳು. ಆ ಉದ್ದನೆಯ ಹಾದಿಯನ್ನು, ಎತ್ತರದ ಗೋಡೆಯನ್ನು, ನೆಲದ ಮೇಲಿನ ಹತ್ತಿಯ ಎಳೆಗಳನ್ನು ನೋಡಿದಳು. ಗೋಡೆಗೆ ಒರಗಿ ನನ್ನ ಕೈ ಬಿಟ್ಟಳು.

"ಆ ಮೂಲಿ ತನಕ ಹೋಗಿ ಬಾ. ನಾನು ಇಲ್ಲೇ ನಿಂತಿರ್ತೀನಿ. ಯಾರಾರ ಬಂದ್ರೆ ಕೆಮ್ತೀನಿ."

ನಂಬಲಾಗದೆ ಅವಳ ಮುಖ ನೋಡಿದೆ. ನಗು ಇರಲಿಲ್ಲ ಅಲ್ಲಿ. "ಹೋಗೇ," ಎಂದು ಗದರಿದಳು. ಓಡಿದೆ. ಹೋಗಿ ಮೂಲೆ ಮುಟ್ಟಿ ಬಂದೆ. ಬಂದು ನಿಂತಾಗ ಅವಳು ಉಡಿಯಿಂದ ಒಂದು ಹುಣಿಸೆಬೀಜ ತೆಗೆದು ಗುಡಿಯ ಗೋಡೆಯ ಸಂದಿಯಲ್ಲಿಟ್ಟಳು. ಇನ್ನೊಂದನ್ನು ತೆಗೆದು ಬೆರಳ ನಡುವೆ ಹಿಡಿದುಕೊಂಡಳು.

"ಅದು ಯಾರದು, ಅಜ್ಜಿ?"

"ಸರೋಜಿದು. ಆಕಿ ಇನ್ನ ಬರಂಗಿಲ್ಲ. ನೀನೇ ಓಡಿ ಬಾ."

ಆ ಸುತ್ತನ್ನು ನಾನು ನನ್ನ ಜೀವಮಾನದಲ್ಲೇ ಎಲ್ಲಕ್ಕಿಂತ ಜೋರಾಗಿ ಓಡಿದೆ. ಸರೋಜ ನನಗಿಂತ ಜೋರು ಓಡುತ್ತಿದ್ದಳಲ್ಲ.